ಒಂದು ಸೆಕೆಂಡನ್ನು ಸರಿ ಮಾಡಿದ ತಪ್ಪಿಗೆ

ಮತ್ತೆ ಬೆಲ್ ಆಯಿತು. ಈ ಒಂದು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದಿದ್ದೇನೆ. ಮೊದಲ ಸಲ ಗ್ಯಾಸಿನವನು. ಎರಡನೇ ಸಲ ಪಕ್ಕದ ಮನೆಯ ಮರಾಠಿ ಕಾಕು, ಗ್ಯಾಸಿನವನು ಬಂದಿದ್ದನಾ ಎಂದು ಕೇಳಲು. ಮುಂಬೈ ಹತ್ತಿರದ ಈ ಡೊಂಬಿವಲಿಯಲ್ಲಿ ಬೆಲ್ ಕೇಳಿಯೂ ಬಾಗಿಲು ತೆರೆಯದಿದ್ದರೆ, ಒಳಗೆ ಏನೋ ಆಗಿದೆ ಎಂದು ಇನ್ನೂ ನಾಲ್ಕು ಜನ ಬರುತ್ತಾರೆ. ಇಂಥ ಮನೆಯಲ್ಲಿ ಕೂತು ನಾನು ಮಾಡುವ ಕೆಲಸಕ್ಕೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ.

ನನ್ನ ಕೆಲಸ ಹಳೆಯ ರೀಲ್ ಕ್ಯಾಮೆರಾ ರಿಪೇರಿ, ಅದರಲ್ಲೂ ಸ್ಲೋ ಸ್ಪೀಡ್. ಕ್ಯಾಮೆರಾದ ಒಳಗೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಗಡಿಯಾರದಲ್ಲಿ ಇರುವಂಥ ಹಲ್ಲಿನ ಚಕ್ರಗಳಿರುತ್ತವೆ. ಒಂದು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿದರೆ ಅವು ಝರ್ರ್ ಎಂದು ತಿರುಗಿ, ಅಷ್ಟು ಹೊತ್ತು ಬೆಳಕು ಒಳಗೆ ಬಿಡುವ ಶಟರನ್ನು ತೆರೆದು ಹಿಡಿದು ಆಮೇಲೆ ಬಿಡಬೇಕು. ಹಳೆಯ ಗ್ರೀಸು ಅಂಟಾದರೆ ಒಂದು ಸೆಕೆಂಡು ಎರಡಾಗುತ್ತದೆ, ಮೂರಾಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಬಿಚ್ಚಿ, ಬಿಳಿ ಪೆಟ್ರೋಲಿನಲ್ಲಿ ತೊಳೆದು, ಸೂಜಿಯ ತುದಿಯಲ್ಲಿ ಒಂದು ಕಣ ಎಣ್ಣೆ ಮುಟ್ಟಿಸಿ ಮತ್ತೆ ಕೂರಿಸಬೇಕು.

ಕಲಿಸಿದವರು ಮಾವ, ನನ್ನ ಗಂಡನ ಅಪ್ಪ. ಊರಿನವರೆಲ್ಲ ಉಡುಪಿಯಿಂದ ಬಂದು ಹೋಟೆಲು ಸೇರಿದರೆ ಇವರೊಬ್ಬರು ಕ್ಯಾಮೆರಾ ಅಂಗಡಿ ಸೇರಿದರು. ಈಗ ಅವರ ಕೈ ನಡುಗುತ್ತದೆ, ಕಿವಿ ಮಾತ್ರ ಗಟ್ಟಿ. ನಮ್ಮ ಬಾಗಿಲಿನ ಬೋರ್ಡಿನಲ್ಲಿ ಅವರ ಹೆಸರು. ಮೂರು ವರ್ಷ ಪಕ್ಕದಲ್ಲಿ ಕೂತು ಕಲಿತ ಮೇಲೆ, "ಮಾವ, ಅಲ್ಲಿ ನನ್ನ ಹೆಸರು ಯಾವಾಗ?" ಎಂದು ಕೇಳಿಯೇಬಿಟ್ಟೆ.

"ಒಂದು ಕ್ಯಾಮೆರಾ ಪೂರ್ತಿ ನೀನೇ ಮಾಡು," ಎಂದರು ಮಾವ. "ಒಂದು ತಿಂಗಳು ಗಿರಾಕಿ ತಿರುಗಿ ಬರಬಾರದು. ಬಂದರೆ ಫೇಲು."

ಹತ್ತನೇ ಕ್ಲಾಸಿನ ಪರೀಕ್ಷೆಯಾದರೂ ಮೂರು ಗಂಟೆಯಲ್ಲಿ ಮುಗಿದಿತ್ತು.

ಉಸ್ತಾದ್

ಮೊದಲ ಗಿರಾಕಿ ವಾಶಿಯ ಕಾಲೇಜು ಹುಡುಗ. ಭಾನುವಾರ ಬಂದ. ಬಾಗಿಲು ತೆರೆದದ್ದು ನನ್ನ ಗಂಡ, ಲುಂಗಿಯಲ್ಲಿ. ಅವರು ಠಾಣೆ ನಗರದ ಒಂದು ಹೋಟೆಲಿನಲ್ಲಿ ಕ್ಯಾಶಿಯರ್.

"ಉಸ್ತಾದ್ ಆಪ್ ಹೀ ಹೈ ನಾ?" ಎಂದು, ರಿಪೇರಿಯ ಗುರು ನೀವೇ ತಾನೇ ಅನ್ನುವ ಹಾಗೆ, ಕೇಳಿದ ಹುಡುಗ.

"ನಾನಲ್ಲ, ನನ್ನ ಹೆಂಡತಿ," ಎಂದರು ಇವರು ಹಿಂದಿಯಲ್ಲಿ. ಹುಡುಗ ಒಳ್ಳೆಯ ಜೋಕು ಕೇಳಿದವನ ಹಾಗೆ ನಕ್ಕು, ಕ್ಯಾಮೆರಾವನ್ನು ಇವರ ಕೈಯಲ್ಲೇ ಇಟ್ಟ. ಇವರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದರಲ್ಲಿ ನೋಡುವುದು ಯಾವ ಕಡೆಯಿಂದ?" ಎಂದು ಕೇಳಿದರು. ಹುಡುಗನ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಕಾರೀಗರ, ಒಂದಿಷ್ಟೂ ಜಂಬವಿಲ್ಲ! ನಾನು ಕ್ಯಾಮೆರಾ ತೆಗೆದುಕೊಳ್ಳಲು ಕೈ ಚಾಚಿದರೆ, "ಚಹಾ ಬೇಡ ಭಾಭಿ," ಎಂದ.

ಎರಡು ದಿನ ಕೂತು ನಾನು ಸರಿ ಮಾಡಿದೆ. ತಿಂಗಳಾಯಿತು, ಹುಡುಗ ತಿರುಗಿ ಬರಲಿಲ್ಲ. ಬಂದದ್ದು ಗಂಡನ ಫೋನಿಗೆ ಮೆಸೇಜು: "ಉಸ್ತಾದ್, ನಿಮ್ಮ ಕೈಯಲ್ಲಿ ಜಾದೂ ಇದೆ."

ಮಾವ ಕನ್ನಡಕ ಹಾಕಿ ಓದಿದರು. "ಗಿರಾಕಿಯ ಸಾಕ್ಷಿ ನಿನ್ನ ಗಂಡನ ಪರ ಉಂಟು. ಇದು ಲೆಕ್ಕಕ್ಕಿಲ್ಲ."

ಗಂಡ ಆ ಮೆಸೇಜನ್ನು ಇವತ್ತಿಗೂ ಅಳಿಸಿಲ್ಲ.

ತುಳಸಿಗೆ ಪೆಟ್ರೋಲು

ಎರಡನೆಯವರು ಬದಲಾಪುರದ ಅಕ್ಕ, ನಮ್ಮ ಕಡೆಯವರೇ. ಡಿಸೆಂಬರಿನಲ್ಲಿ ತಮ್ಮ ಗಂಡನ ಕ್ಯಾಮೆರಾ ತಂದರು.

"ಮಧ್ಯಾಹ್ನ ಸರಿ ಉಂಟು. ಬೆಳಿಗ್ಗೆ ಮಾತ್ರ ಏಳುವುದೇ ಇಲ್ಲ. ಥೇಟ್ ನಮ್ಮವರ ಹಾಗೆ."

ಬಿಚ್ಚಿದರೆ ಒಗ್ಗರಣೆ ಹಾಕಬೇಕು ಅನ್ನಿಸುವ ಪರಿಮಳ. ತೆಂಗಿನೆಣ್ಣೆ! ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗುವ ಹಾಗೆಯೇ ಚಕ್ರಗಳ ನಡುವೆ ಗಟ್ಟಿಯಾಗಿ ಕೂತಿದೆ. ಬಿಸಿಲೇರಿದ ಮೇಲೆ ಕರಗುತ್ತದೆ, ಕ್ಯಾಮೆರಾ ಓಡುತ್ತದೆ. ಎಣ್ಣೆಯ ಮೇಲೆ ಕೆಂಪಗೆ ಕುಂಕುಮ.

"ಎಂತ ಅಕ್ಕ ಇದು?"

"ಆಯುಧ ಪೂಜೆದು ಮಾರಾಯ್ತಿ. ವರ್ಷಕ್ಕೆ ಎರಡು ಬೊಟ್ಟು ಎಣ್ಣೆ. ಹೊಲಿಗೆ ಮೆಷಿನಿಗೂ ಅದೇ ಎಣ್ಣೆ, ಅದು ಎಂಥಾ ಚೆಂದ ಓಡ್ತದೆ!"

ತೊಳೆದೆ. ಪೆಟ್ರೋಲು ಗುಲಾಬಿ ಬಣ್ಣಕ್ಕೆ ತಿರುಗಿತು. ಅದನ್ನು ಚೆಲ್ಲಲು ಹೊರಟರೆ ಅಕ್ಕ ನನ್ನ ಕೈ ಹಿಡಿದರು. "ಚರಂಡಿಗೆ ಹಾಕಬೇಡ, ದೇವರ ಕುಂಕುಮ ಉಂಟು ಅದರಲ್ಲಿ. ತುಳಸಿ ಕುಂಡಕ್ಕೆ ಹಾಕು."

"ಹಾಕಿದರೆ ತುಳಸಿಯೂ ದೇವರ ಪಾದ ಸೇರ್ತದೆ ಅಕ್ಕ," ಎಂದೆ.

ಇನ್ನು ಮುಂದೆ ಎಣ್ಣೆ ಮುಟ್ಟಿಸಬೇಡಿ ಎಂದು ಮೂರು ಸಲ ಹೇಳಿ ಕಳಿಸಿದೆ. ಒಂಬತ್ತನೇ ದಿನ ಅಕ್ಕ ಬಾಗಿಲಲ್ಲಿ. ಒಂದು ಕೈಯಲ್ಲಿ ಸ್ವೀಟಿನ ಡಬ್ಬ, ಇನ್ನೊಂದರಲ್ಲಿ ಕ್ಯಾಮೆರಾ.

"ಬೆಳಿಗ್ಗೆ ಐದು ಗಂಟೆಗೂ ಓಡಿತು ಗೊತ್ತುಂಟಾ! ಅಷ್ಟು ಖುಷಿ ಆಯ್ತು. ಖುಷಿಗೆ ಒಂದು ಪೂಜೆ ಮಾಡಿದೆ. ಈಗ ಪುನಃ ನಿಂತಿದೆ."

ಮಾವ ಒಳಗಿನಿಂದಲೇ ಕೂಗಿದರು: "ಫೇಲು!"

ಇಡ್ಲಿಯಲ್ಲಿ ಏನೋ ಉಂಟು

ಮರುವರ್ಷ ಬಂದ ಮೂರನೆಯವರು ಪಕ್ಕದ ಕಲ್ಯಾಣ ಊರಿನ ಸ್ಟುಡಿಯೋ ಕಾಕಾ, ವಿಜಯಪುರದ ಕಡೆಯವರು. ವರ್ಷವಿಡೀ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾರೆ. ನವರಾತ್ರಿಯಲ್ಲಿ ಮಾತ್ರ ತಮ್ಮ ಊರಿನವರ ದೇವಿ ಗುಡಿಯಲ್ಲಿ ದೇವಿಯ ಒಂದು ಫೋಟೋವನ್ನು ಈ ಹಳೆಯ ಕ್ಯಾಮೆರಾದಲ್ಲೇ ತೆಗೆಯುತ್ತಾರೆ. ಗರ್ಭಗುಡಿಯಲ್ಲಿ ಫ್ಲ್ಯಾಶ್ ಇಲ್ಲ, ಬರೀ ದೀಪದ ಬೆಳಕು, ಒಂದು ಸೆಕೆಂಡು. ಆ ಫೋಟೋ ಗುಡಿಯವರ ಎಲ್ಲ ಮನೆಗಳಿಗೂ ಹೋಗುತ್ತದೆ.

"ಏನೂ ಕೆಟ್ಟಿಲ್ಲ ತಂಗಿ. ವಯಸ್ಸಾಗೇತಿ, ಒಮ್ಮೆ ತೊಳದ ಕೊಡು," ಎಂದು ನೇರವಾಗಿ ನನ್ನ ಕೈಗೇ ಕೊಟ್ಟರು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ನನ್ನ ರಿಪೇರಿ ಟೇಬಲ್ಲೂ ಅತ್ತೆಯ ಅಡುಗೆ ಕಟ್ಟೆಯೂ ಅಕ್ಕಪಕ್ಕ. ಚಕ್ರಗಳ ಜೊತೆ ಒಂದು ಸ್ಪ್ರಿಂಗು ಇರುತ್ತದೆ, ಸಾಸಿವೆ ಕಾಳಿನಷ್ಟು. ಅದನ್ನು ಚಿಮಟದಲ್ಲಿ ಎತ್ತಿದ ಹೊತ್ತಿಗೇ ನಾಲ್ಕು ವರ್ಷದ ಮಗಳು ಬೆನ್ನ ಹಿಂದೆ "ಅಮ್ಮಾ, ಸೂಸೂ!" ಎಂದು ಕಿರುಚಿದಳು. ಸ್ಪ್ರಿಂಗು ಹಾರಿತು.

ಮಂಚದ ಕೆಳಗೆ ಹುಡುಕಿದೆವು, ಆಯಸ್ಕಾಂತ ಆಡಿಸಿದೆವು, ಮಗಳ ಜಡೆ ಬಿಚ್ಚಿದೆವು. ಉಳಿದದ್ದು ಅತ್ತೆಯ ಇಡ್ಲಿ ಹಿಟ್ಟಿನ ಪಾತ್ರೆ. ಚಹಾದ ಜಾಲರಿ ಹಿಡಿದು ಹತ್ತಿರ ಹೋದರೆ ಅತ್ತೆ ಪಾತ್ರೆಗೆ ಅಡ್ಡ ನಿಂತರು.

"ನನ್ನ ಹಿಟ್ಟಿನಲ್ಲಿ ಇವತ್ತಿನವರೆಗೆ ಒಂದು ಕಲ್ಲು ಸಿಕ್ಕಿದ್ದುಂಟಾ? ಸೋಸುವುದಂತೆ!"

ಬೆಳಿಗ್ಗೆ ಎರಡನೇ ಇಡ್ಲಿಗೆ ಗಂಡ ಕಟಕ್ ಎಂದು ಕಚ್ಚಿ ನಿಂತರು. "ಇಡ್ಲಿಯಲ್ಲಿ ಏನೋ ಉಂಟು!"

ಹದಿನೈದು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತು ಅವರು ಗಿರಾಕಿಗಳಿಗೆ ಹೇಳಿಕೊಂಡು ಬಂದದ್ದನ್ನೇ ನಾನು ಹೇಳಿದೆ: "ಗಲಾಟೆ ಬೇಡ ಸಾರ್, ಬೇರೆ ಪ್ಲೇಟು ಕೊಡ್ತೇವೆ." ಮಗಳು ಚಪ್ಪಾಳೆ ತಟ್ಟಿದಳು, ಮಾವ ಕೈ ಮುಗಿದರು. ಇಡ್ಲಿಯಲ್ಲಿ ಏನೋ ಸಿಕ್ಕಿದ್ದಕ್ಕೆ ಅಡುಗೆಮನೆಯವರೆಲ್ಲ ಸೇರಿ ಸಂಭ್ರಮಿಸಿದ್ದನ್ನು ನೋಡಿದ ಗಿರಾಕಿ ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು.

ದೇವಿಗೆ ಸಿಟ್ಟು ಬಂದದ್ದು

ಸ್ಪ್ರಿಂಗು ಕೂರಿಸಿ, ಎಲ್ಲ ಜೋಡಿಸಿ, ಶಟರಿನ ಸದ್ದು ಎಷ್ಟು ಹೊತ್ತು ಎಂದು ಫೋನಿನಲ್ಲಿ ಅಳೆದೆ. ಸರಿಯಾಗಿ ಒಂದು ಸೆಕೆಂಡು. ನವರಾತ್ರಿಗೆ ಮೊದಲೇ ಕೊಟ್ಟೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಾ ಬಂದೆ. ಇಪ್ಪತ್ತೇಳು ಗೀಟು ಆಯಿತು. ಬೋರ್ಡು ಬರೆಯುವವನಿಗೆ ಯಾವ ಬಣ್ಣ ಹೇಳಬೇಕೆಂದೂ ಯೋಚಿಸಿಟ್ಟಿದ್ದೆ.

ಇಪ್ಪತ್ತೆಂಟನೇ ದಿನ ಬಾಗಿಲು ತೆರೆದರೆ ಕಾಕಾ. ಕೈಯಲ್ಲಿ ಕ್ಯಾಮೆರಾ.

ಕಾಕಾ ಒಂದು ಫೋಟೋ ಮುಂದಿಟ್ಟರು. ಪೂರ್ತಿ ಕಪ್ಪು. ನಡುವೆ ಎರಡು ದೀಪ, ಒಂದು ಮೂಗುತಿ. ದೇವಿ ಇಲ್ಲ.

"ಮೂವತ್ತ ವರ್ಷ ಆತು. ಅದಽ ಗುಡಿ, ಅದಽ ದೀಪ, ಅದಽ ಗುಂಡಿ. ಒಂದ ವರ್ಷನೂ ತಾಯಿ ಹಿಂಗ ಮಾಡಿಲ್ಲ. ದೇವಿಗೆ ಸಿಟ್ಟ ಬಂದೈತಿ ಅಂತ ಗುಡಿಯವರು ಶಾಂತಿ ಮಾಡ್ಸಾಕ ಹೊಂಟಾರ!"

ಆಗ ನನಗೆ ಹೊಳೆಯಿತು. ಇವರ ಕ್ಯಾಮೆರಾದ ಒಂದು ಸೆಕೆಂಡು ಇಷ್ಟು ವರ್ಷ ಮೂರು ಸೆಕೆಂಡಾಗಿ, ಮೂರು ಪಟ್ಟು ಬೆಳಕು ಒಳಗೆ ಬಿಡುತ್ತಿತ್ತು. ಕಾಕಾರ ಕೈ ಅದಕ್ಕೇ ಒಗ್ಗಿತ್ತು, ದೇವಿ ಅದಕ್ಕೇ ಒಗ್ಗಿದ್ದಳು.

"ಕಾಕಾ, ಮೊದಲು ತಪ್ಪಿತ್ತು, ಈಗ ಸರಿ ಇದೆ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರು ತೆರೆದೇ ಇರುವ ಹಾಗೂ ಇಡಬಹುದು. ಹಾಗಿಟ್ಟು, ಮೂರು ಎಣಿಸಿ ಬಿಡಿ, ಸಾಕು."

"ದೇವಿ ಮುಂದ ನಿಂತು ಒಂದ, ಎರಡ, ಮೂರ ಅಂತ ಎಣಸ್ಲೇನು? ಪೂಜಾರಿ ನನಗ ಹರಾಜ ಕೂಗಾಕತ್ತ್ಯಾನ ಅಂತಾನ!"

ಮಾವ ಎದ್ದು ಬಂದು ಕ್ಯಾಮೆರಾ ತೆಗೆದುಕೊಂಡರು. ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಗುಂಡಿ ಒತ್ತಿದರು. ಝರ್ರ್. ಇನ್ನೊಮ್ಮೆ. ಮತ್ತೊಮ್ಮೆ.

"ಗಿರಾಕಿ ತಿರುಗಿ ಬಂದರೆ ಫೇಲು ಅಂತ ಹೇಳಿದ್ದೆ," ಎಂದರು ಮಾವ ನಿಧಾನವಾಗಿ. "ಆದರೆ ಕೆಲಸ ಸರಿಯಾಗಿದೆ ಅಂತ ತಕರಾರು ತಂದ ಗಿರಾಕಿಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ನಾಳೆ ಬೋರ್ಡು ಬದಲಾಯಿಸುವ. ಇನ್ನು ಏನಿದ್ದರೂ ನನ್ನನ್ನು ಕೇಳಬೇಡಿ ಕಾಕಾ, ಇವಳನ್ನೇ ಕೇಳಿ."

ಅಳಬೇಕೋ ಕುಣಿಯಬೇಕೋ ತಿಳಿಯದೆ ನಿಂತಿದ್ದೆ. ಕಾಕಾ ನನ್ನ ಕಡೆ ತಿರುಗಿ ಕ್ಯಾಮೆರಾವನ್ನು ಮುಂದೆ ತಳ್ಳಿದರು. ಮಾಲಕಿ ಎಂದು ನನಗೆ ಬಂದ ಮೊಟ್ಟಮೊದಲ ಪ್ರಶ್ನೆ ಅದು. ಅದನ್ನು ಕೇಳಲೆಂದೇ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಕಾಕಾ ಕೇಳಿದ್ದು ಇಷ್ಟೇ:

"ಹಂಗಾರ ನೀನಽ ಹೇಳವ್ವಾ ತಂಗಿ. ಛಲೋ ಮಾಡಿದ್ದಕ್ಕ ಎಷ್ಟ ಕೇಳಿದಿ, ಅಷ್ಟ ಕೊಟ್ಟೀನಿ. ಮೊದಲಿನಂಗ ಕೆಡಸಾಕ ಎಷ್ಟ ತಗೋತಿ?"