ಲೋವೆಲ್‌ನ ಈಜುಕೊಳ

ಅಣುಬಾಂಬು ಇವತ್ತು ಬಿತ್ತು, ನಾಳೆ ಬಿತ್ತು ಎಂದು ಇಡೀ ಅಮೆರಿಕವೇ ನಡುಗುತ್ತಿದ್ದ ವರ್ಷ ಅದು. ಅಯೋವಾದ ನಮ್ಮ ಬೀದಿಯ ಲೋವೆಲ್ ಟ್ರಿಂಬಲ್ ಹಿತ್ತಲಲ್ಲಿ ಗುಂಡಿ ತೋಡಿಸಿ, ಸುತ್ತ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಚಾವಣಿಯೊಂದು ಬಾಕಿ. ಬಾಂಬು ಬಿದ್ದರೆ ತಾನು, ಹೆಂಡತಿ ಮ್ಯಾಕ್ಸೀನ್, ಇಬ್ಬರು ಹೆಣ್ಣುಮಕ್ಕಳು ಅದರೊಳಗೆ ಅಡಗಿ ಬದುಕಿಕೊಳ್ಳುವುದು ಅವನ ಲೆಕ್ಕಾಚಾರ. ಆದರೆ ವಿಷಯ ಹೊರಬಿದ್ದರೆ ಆ ಹೊತ್ತಿಗೆ ಬೀದಿಗೆ ಬೀದಿಯೇ ಬಂದು ಒಳಗೆ ನುಗ್ಗುತ್ತದಲ್ಲ! ಅದಕ್ಕೇ ಕೇಳಿದವರಿಗೆಲ್ಲ "ಈಜುಕೊಳ ಕಣ್ರೀ" ಎಂದುಬಿಟ್ಟ. ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಂಡ.

ಶನಿವಾರ ಬೆಳಗ್ಗೆ ಎದುರುಮನೆ ವರ್ನೀಟಾ ಹೆಗಲಿಗೆ ಟವೆಲ್ ಹಾಕಿ, ಆಲೂಗಡ್ಡೆ ಸಲಾಡಿನ ಬೋಗುಣಿ ಹಿಡಿದು ಬಂದಳು. ಹಿಂದೆ ಅವಳ ಮಕ್ಕಳ ದಂಡು.

"ನೀರು ಯಾವಾಗ ಬಿಡ್ತೀಯಾ ಲೋವೆಲ್?"

"ಸಿಮೆಂಟು ಇನ್ನೂ ಹಸಿ ಇದೆ."

ವರ್ನೀಟಾ ಬಗ್ಗಿ ಗೋಡೆಗೆ ಎರಡು ಗುದ್ದಿದಳು. "ಎಲ್ಲಿ ಹಸಿ? ಕಲ್ಲಾಗಿದೆ!"

"ನಲ್ಲೀಲಿ ನೀರು ಸಣ್ಣಗೆ ಬರುತ್ತೆ, ತುಂಬೋಕೆ ತಿಂಗಳಾಗುತ್ತೆ..."

ಈ ಮಾತು ಪಕ್ಕದ ಮನೆಯ ಆರ್ವಿಲ್‌ನ ಕಿವಿಗೆ ಬಿತ್ತು. ಅವನು ಊರಿನ ಬೆಂಕಿ ಆರಿಸುವ ಸ್ವಯಂಸೇವಕರ ದಳಕ್ಕೆ ಮುಖ್ಯಸ್ಥ. ಯಾರ ಮನೆಯಲ್ಲಿ ಈಜುಕೊಳವಾದರೂ ಮೊದಲ ನೀರು ಆ ದಳದ್ದೇ. "ಅಷ್ಟೇನಾ? ನಾನೇನು ಸತ್ತೋಗಿದೀನಾ?" ಎಂದವನೇ ಕೆಂಪು ಟ್ಯಾಂಕರನ್ನು ಹಿತ್ತಲಿಗೇ ತಂದು ನಿಲ್ಲಿಸಿದ.

"ಬೇಡ ಆರ್ವಿಲ್, ನಿಂಗ್ಯಾಕೆ ತೊಂದ್ರೆ!"

"ಸುಮ್ನಿರೋ ಮಾರಾಯ, ಎಷ್ಟು ಸಂಕೋಚ ನಿಂದು!"

ನೀರು ಭೋರ್ಗರೆಯಿತು. ಮಕ್ಕಳು ದಬದಬ ಹಾರಿದರು. ಸಂಸಾರದ ಪ್ರಾಣ ಕಾಯಬೇಕಾದ ಗುಂಡಿ ಕಣ್ಣೆದುರೇ ತುಂಬುವುದನ್ನು ನೋಡಿ ಲೋವೆಲ್‌ಗೆ ಅಳುವೇ ಬಂತು. ಹಾಳಾಗಿ ಹೋಗಲಿ, ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ಬಾಂಬಿನ ಎಚ್ಚರಿಕೆ ಕೊಡುವ ಊರಿನ ಸೈರನ್ ಕೂಗಿತು.

ಹಿತ್ತಲು ಕ್ಷಣದಲ್ಲಿ ಖಾಲಿ. ವರ್ನೀಟಾ ಮಕ್ಕಳನ್ನು ಕೋಳಿಮರಿಗಳಂತೆ ಅಟ್ಟಿಕೊಂಡು ಓಡಿದಳು. ಆರ್ವಿಲ್ ಟ್ಯಾಂಕರನ್ನೂ ಬಿಟ್ಟು ತನ್ನ ಗ್ಯಾರೇಜಿಗೆ ನುಗ್ಗಿದ. ಲೋವೆಲ್ ಹೆಂಡತಿ ಮಕ್ಕಳನ್ನು ಎಳೆದುಕೊಂಡು ಅವನ ಹಿಂದೆಯೇ ಹೋದರೆ, ಗ್ಯಾರೇಜಿನ ನೆಲದಲ್ಲೊಂದು ಕಬ್ಬಿಣದ ಬಾಗಿಲು! ಒಳಗಿನಿಂದ ಚಿಲಕ ಬಿದ್ದಿತ್ತು.

"ಆರ್ವಿಲ್! ನಾನು ಕಣೋ, ಲೋವೆಲ್! ತೆಗಿಯೋ!"

"ಬೇಜಾರು ಮಾಡ್ಕೋಬೇಡಪ್ಪಾ, ಇಲ್ಲಿ ನಮ್ಗೇ ಜಾಗ ಸಾಲ್ದು!"

ಎದುರುಮನೆಗೆ ಓಡಿದ. ವರ್ನೀಟಾಳ ನೆಲಮಾಳಿಗೆಯಲ್ಲೂ ಅಂಥದ್ದೇ ಬಾಗಿಲು. ಒಳಗಿನಿಂದ ಅವಳ ಬೈಗುಳ: "ಈಜುಕೊಳದ ಶೋಕಿ ಮಾಡೋ ಬದ್ಲು ನೀನೂ ಒಂದು ಗುಂಡಿ ತೋಡ್ಸೋಕೇನಾಗಿತ್ತು?"

ಸೈರನ್ ನಿಂತಿತು. ಅದು ತಿಂಗಳ ಪರೀಕ್ಷೆಯ ಕೂಗು. ಕೂಗಿಸಲು ಹೇಳಿದ್ದವನೇ ಆರ್ವಿಲ್. ನೀರು ತುಂಬಿಸುವ ಸಂಭ್ರಮದಲ್ಲಿ ಮರೆತಿದ್ದ.

ಎಲ್ಲರೂ ಏನೂ ಆಗಿಲ್ಲವೆಂಬಂತೆ ವಾಪಸು ಬಂದರು, ಮಕ್ಕಳು ಮತ್ತೆ ನೀರಿಗಿಳಿದರು. ವರ್ನೀಟಾ ಸಲಾಡ್ ಬಡಿಸುವ ನೆಪದಲ್ಲಿ, "ನಮ್ಮನೇ ಗುಂಡಿ ವಿಷ್ಯ ಆರ್ವಿಲ್‌ಗೆ ಮಾತ್ರ ಹೇಳ್ಬೇಡ" ಎಂದು ಲೋವೆಲ್‌ನ ಕಿವಿಯಲ್ಲಿ ಪಿಸುಗುಟ್ಟಿದಳು. ಆಮೇಲೆ ಆರ್ವಿಲ್ ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

"ವರ್ನೀಟಾ ಹತ್ರ ಬಾಯಿ ಬಿಡ್ಬೇಡ ಮಾರಾಯ. ನಿನ್ನಂಥ ದೊಡ್ಡ ಮನಸ್ಸು ನಮಗೆಲ್ಲಿಂದ ಬರ್ಬೇಕು? ನಾವೆಲ್ಲ ನಮ್ಮ ಜೀವ ನೋಡ್ಕೊಂಡ್ರೆ, ನೀನು ಬೀದಿ ಮಕ್ಕಳಿಗೆಲ್ಲ ಕೊಳ ಕಟ್ಸಿದೀಯ!"

ಲೋವೆಲ್ ತಲೆ ತಗ್ಗಿಸಿದ. ಹೌದು ಅನ್ನಲು ನಾಚಿಕೆ, ಅಲ್ಲ ಅನ್ನಲು ಅದಕ್ಕಿಂತ ನಾಚಿಕೆ.

ಮ್ಯಾಕ್ಸೀನ್ ಹಿಂದಿನಿಂದ ಬಂದು, "ಇಳಿಯಪ್ಪಾ ದೊಡ್ಡ ಮನಸ್ಸಿನೋನೇ, ನಮ್ಗೆ ಇನ್ನೆಲ್ಲಿದೆ ಜಾಗ?" ಎಂದು ಬಟ್ಟೆ ಸಮೇತ ಅವನನ್ನು ನೀರಿಗೆ ನೂಕಿದಳು.