ಪರೀಕ್ಷೆಗೆಂದು ತವರಿಗೆ

ಸರ್ಟಿಫಿಕೇಟಿನ ಅವಧಿ ಮುಗಿಯುತ್ತ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ನಗೆಪಾಟಲು ಆಗದೆ ಹೋಗುವುದಿಲ್ಲ. ನಾನು ಹುಬ್ಬಳ್ಳಿಯಲ್ಲಿ ನೆಟ್‌ವರ್ಕ್ ಎಂಜಿನಿಯರ್. ಈ ಕೆಲಸದಲ್ಲಿ ಮೂರು ವರ್ಷಕ್ಕೊಮ್ಮೆ ಹೊಸ ಪರೀಕ್ಷೆ ಪಾಸಾಗದಿದ್ದರೆ ಹಳೆಯ ಸರ್ಟಿಫಿಕೇಟು ರದ್ದಿ ಕಾಗದಕ್ಕೆ ಸಮ. ಈ ಸಲ ಮ್ಯಾನೇಜರು, "ಸೆಕ್ಯೂರಿಟಿ ಪರೀಕ್ಷಾನೋ ಕ್ಲೌಡಿಂದೋ, ಸೋಮವಾರ ಹೇಳ್ರಿ. ಇಲ್ಲಾಂದ್ರ ಹೊಸ ಟೀಮಿನ್ಯಾಗ ನಿಮ್ಮ ಹೆಸರಿಲ್ಲ" ಎಂದುಬಿಟ್ಟರು. ಸೆಕ್ಯೂರಿಟಿ ನನಗಿಷ್ಟ, ಆದರೆ ತಿಂಗಳುಗಟ್ಟಲೆ ಓದಬೇಕು. ಕ್ಲೌಡ್ ಬೇಗ ಮುಗಿಯುತ್ತದೆ, ಆದರೆ ಮನಸ್ಸಿಲ್ಲ. ಏನೂ ತೋಚದೆ ಶನಿವಾರ ತವರೂರು ಗುಡಗೇರಿಯ ರೈಲು ಹತ್ತಿದೆ. ದಾರಿಯುದ್ದಕ್ಕೂ ಹಳೆಯ ಪರೀಕ್ಷೆಗಳೇ ನೆನಪಾದವು.

ತಕ್ಕಡಿಯ ಬಾಜು

ಮೊದಲನೇ ಸರ್ಟಿಫಿಕೇಟಿಗೆ ಅಪ್ಪ ಕಟ್ಟು ಹಾಕಿಸಿ, ತನ್ನ ಕಾಳಿನ ಅಂಗಡಿಯಲ್ಲಿ ತಕ್ಕಡಿಯ ಪಕ್ಕದ ಗೋಡೆಗೆ ತೂಗುಹಾಕಿದ್ದ. ಕಡಲಿ ಒಯ್ಯಲು ಬಂದವರೂ ಅದನ್ನು ನೋಡಿಯೇ ಹೋಗಬೇಕು. ಒಂದು ದಿನ ನಿವೃತ್ತ ಮಾಸ್ತರರೊಬ್ಬರು ಕನ್ನಡಕ ಏರಿಸಿ ಓದಿ, "ಸಾವಕಾರ್ರ, ಇದು ಬರೂ ವರ್ಷ ಮುಗಿತೈತ್ರಿ" ಎಂದರು. ಅಪ್ಪನಿಗೆ ಅಗದಿ ಅವಮಾನವಾಯಿತು. ನಾನು ಬಿಡಿಸಿ ಹೇಳಿದ ಮೇಲೆ ಸಮಾಧಾನ ಮಾಡಿಕೊಂಡು, ಕೇಳಿದವರಿಗೆಲ್ಲ ಹೇಳತೊಡಗಿದ: "ತಕ್ಕಡಿಗೆ ಸರ್ಕಾರದ ಸಿಕ್ಕಾ ಹಾಕಸ್ತೀವಲ್ರಿ, ಹಂಗ. ಅವಧಿ ಮುಗಿದ್ರ ಮತ್ತ ಹಾಕಸಬೇಕು."

ಮುಂದಿನ ವರ್ಷ ಅದೇ ಮಾಸ್ತರರು ಬಂದು ಗೋಡೆ ನೋಡಿದರು. "ಸಿಕ್ಕಾ ಮುಗೀತಲ್ರಿ. ಮಗಳು ಈಗ ತೂಕದಾಗ ಕಮ್ಮಿ ಬರ್ತಾಳೇನ್ರಿ?"

ಮಾವ ತಂದ ತೊಟ್ಟಿಲು

ಎರಡನೆಯ ಪರೀಕ್ಷೆಯ ಹೊತ್ತಿಗೆ ನನಗೆ ಮದುವೆಯಾಗಿತ್ತು. ಗಂಡನ ಮನೆಯಲ್ಲಿ ಸದಾ ಬಂದು ಹೋಗುವವರ ಗದ್ದಲ. ರಜೆ ಹಾಕಿ, ದೊಡ್ಡ ದೊಡ್ಡ ಚೀಲ ಹೊತ್ತು, ಓದಲು ತವರಿಗೆ ಬಂದೆ. ಮದುವೆಯಾದ ಮಗಳು ಅಷ್ಟು ಚೀಲ ತಂದರೆ ನಮ್ಮ ಓಣಿಗೆ ಗೊತ್ತಿರುವ ಕಾರಣ ಒಂದೇ. ಬಾಜೂ ಮನೆಯ ಕಾಕು ಬಾಣಂತಿಯರಿಗೆ ಮಾಡುವ ಅಂಟಿನುಂಡಿ ಕಟ್ಟಿ ತಂದಳು. ಭಾಳ ರುಚಿಯಾಗಿದ್ದವು, ಹಾಗಾಗಿ ನಾನೂ ಅವ್ವನೂ ಏನೂ ಹೇಳದೆ ತಿಂದೆವು.

ಸುದ್ದಿ ಕಲಘಟಗಿಗೆ ಮುಟ್ಟುವಷ್ಟರಲ್ಲಿ ಕೂಸೇ ಹುಟ್ಟಿಬಿಟ್ಟಿತ್ತು. ಅಲ್ಲಿಂದ ಸೋದರಮಾವ ಬಣ್ಣದ ತೊಟ್ಟಿಲನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿಳಿದ. ನಾನು ಲ್ಯಾಪ್‌ಟಾಪ್ ಮುಂದೆ, ಕಾಲ ಸುತ್ತ ಕೇಬಲ್ಲು. "ಎಲ್ಲೈತವಾ ಕೂಸು?" ಎಂದ. ಅವ್ವ ಚಾಪೆಯ ಮೇಲೆ ಮಿಣುಕುತ್ತಿದ್ದ ರೌಟರನ್ನು ತೋರಿಸಿ, "ಇದನ್ನ ಸಾಕಾಕ ಬಂದಾಳ" ಎಂದಳು.

ಮಾವ ಬಗ್ಗಿ ನೋಡಿದ. "ಕಣ್ಣ ಮಿಟಕಸೂದು ಅಗದಿ ಅಳಿಯಾನಂಗ ಐತಿ ಬಿಡು."

ಹೂ ಹಚ್ಚಿ ಕೇಳಿದ್ದು

ಮೊನ್ನೆ ಶನಿವಾರ ರೈಲಿಳಿದು ಮನೆಯೊಳಗೆ ಕಾಲಿಟ್ಟಾಗ ಆ ತೊಟ್ಟಿಲ ತುಂಬ ನನ್ನ ಹಳೆಯ ಪುಸ್ತಕಗಳಿದ್ದವು. ಮುಂದೆ ನಿಜವಾಗಿಯೂ ಮಗಳು ಹುಟ್ಟಿ ಅದರಲ್ಲಿ ಮಲಗಿದಷ್ಟು ಕಾಲ ಕೆಳಗಿಳಿದಿದ್ದವು, ಅವಳಿಗೆ ತೊಟ್ಟಿಲು ಸಣ್ಣದಾದ ಮೇಲೆ ಅವ್ವ ಮತ್ತೆ ಜೋಡಿಸಿಟ್ಟಿದ್ದಳು. ಮೇಲಿನದೊಂದನ್ನು ತೆಗೆದು ಧೂಳು ಕೊಡವಿದೆ. ಎಂಥ ಸುಖದ ದಿನಗಳವು!

ನನ್ನ ಪೇಚಾಟ ಕೇಳಿದ ಅವ್ವ ಚಹಾ ಕೊಡುತ್ತ, "ಯಾವುದಕ್ಕ ಭಾಳ ದಿನಾ ಓದಬೇಕು?" ಎಂದಳು.

"ಸೆಕ್ಯೂರಿಟಿಗೆ."

"ಹಂಗಾರ ದೇವರನ್ನ ಕೇಳೂಣು ನಡಿ."

ನಮ್ಮೂರ ಗುಡಿಯಲ್ಲಿ ಮೂರ್ತಿಯ ಎರಡೂ ಭುಜಕ್ಕೆ ಹೂ ಹಚ್ಚುತ್ತಾರೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಅವ್ವ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿದಳು. ಬಲಗಡೆಯ ಹೂ ಬಿತ್ತು. "ಸೆಕ್ಯೂರಿಟಿನ!" ಎಂದಳು. ಎದೆಯ ಭಾರ ಇಳಿಯಿತು, ಗುಡಿಯ ಕಟ್ಟೆಯ ಮೇಲೆಯೇ ಕೂತು ಮ್ಯಾನೇಜರಿಗೆ ಮೆಸೇಜು ಕಳಿಸಿದೆ.

ಮನೆಗೆ ಬರುವಾಗ ಸಂಶಯ ಬಂತು. "ಕ್ಲೌಡಿಂದೂ ಕೇಳಿದ್ಯೋ ಇಲ್ಲಬೇ?"

"ಅದಕ್ಕ ನೀ ನಾಕ ದಿನಾ ಬಂದು ಹೊಂಟು ಹೋಗ್ತಿ. ಹಂತಾದ್ದನ್ನ ದೇವರ ಮುಂದ ಯಾಕ ಕೇಳಲಿ?"

"ಮತ್ತ ಎಡಗಡೀದು ಬಿದ್ದಿದ್ರ?"

"ಬಲಗಡೀದು ಬೀಳೂತನಕ ಹಚ್ಚಸ್ತಿದ್ನಿ" ಎಂದಳು ಅವ್ವ. "ನೀ ಬರ್ತೀ ಅಂತ ಫೋನ್ ಮಾಡಿದಾಗನ ಉಂಡಿಗೆ ಅಂಟು, ಕೊಬ್ರಿ ತರಿಸಿಟ್ಟೇನಿ."