ರಾಜನಿಗೆ ಸಾಯಲು ಅನುಮತಿ ಕೋರಿ

ಹವ್ಯಾಸಿ ನಾಟಕ ತಂಡದ ನಿರ್ದೇಶಕರೂ ನಿವೃತ್ತ ಪ್ರಾಧ್ಯಾಪಕರೂ ಆದ ಶ್ರೀ ಆಂಬ್ರೋಸ್ ಅವರ ಸನ್ನಿಧಿಗೆ, ಶಕ್ತಿನಗರದ ಹರಿದಾಸ ಭಟ್ಟನು, ಅಂದರೆ ತಮ್ಮ ಗ್ರೀಕ್ ನಾಟಕದ ರಾಜನು, ಕಿರೀಟ ಕಳಚಿಟ್ಟು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಇಷ್ಟು ವರ್ಷ ತಮ್ಮ ನಾಟಕಗಳಲ್ಲಿ ದೂತನಾಗಿ ಓಡಿಬಂದು ಬೇರೆಯವರು ಸತ್ತ ಸುದ್ದಿ ಹೇಳಿಯೇ ಬದುಕಿದವನು ನಾನು. ಕೊನೆಗೂ ತಾವು ದಯೆಯಿಟ್ಟು ರಾಜನ ಪಾತ್ರ ಕೊಟ್ಟಿರಿ. ಅರಿಯದೆ ಸ್ವಂತ ಮಗನನ್ನೇ ಕೊಲ್ಲಿಸಿ, ಅವನ ಹೆಣದ ಮೇಲೆ ಬಿದ್ದು ಪ್ರಾಣ ಬಿಡುವ ರಾಜ! ಮೊದಲ ರಿಹರ್ಸಲಿನಲ್ಲಿ ನಾನು ಸತ್ತದ್ದನ್ನು ನೋಡಿ ನನ್ನ ಹೆಂಡತಿ ಸತ್ಯಭಾಮಾ ಅತ್ತಳು. ನನಗಾಗಿ ಆಕೆ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ತಮಗೆ ಜ್ಞಾನೋದಯವಾಯಿತು. ವಿಧಿ ಎಂಬುದಿಲ್ಲ, ಇರುವುದು ಪಾಪ ಮತ್ತು ಕ್ಷಮೆ ಮಾತ್ರ, ಗ್ರೀಕರು ಯೇಸು ಶಿಲುಬೆಯಲ್ಲಿ ಸತ್ತ ಶುಭ ಶುಕ್ರವಾರಕ್ಕೇ ನಿಂತುಬಿಟ್ಟರು, ನಾವು ಆತ ಎದ್ದುಬಂದ ಈಸ್ಟರ್ ಭಾನುವಾರದವರೆಗೆ ಹೋಗಬೇಕು ಎಂದು ಕೊನೆಯ ಅಂಕವನ್ನೇ ತಿದ್ದಿದಿರಿ. ಈಗ ರಾಜ ಸಾಯುವಂತಿಲ್ಲ. ಪಾದ್ರಿ ವೇಷದ ಫಿಲಿಪ್ ಎದುರು ಮೊಣಕಾಲೂರಿ, ತಾವು ಕುಮ್ಸಾರ್ ಎನ್ನುವ ಪಾಪನಿವೇದನೆ ಮಾಡಿ, ಎದ್ದು ಮುಗುಳ್ನಗಬೇಕು.

ಮೊನ್ನೆ ಫಿಲಿಪ್ ಆಶೀರ್ವದಿಸಲು ಕೈ ಎತ್ತಿದಾಗ, ಅರ್ಚಕರ ಮನೆಯಲ್ಲಿ ಹುಟ್ಟಿದ ತಪ್ಪಿಗೆ, ನನ್ನ ಬಲಗೈ ತಾನಾಗಿಯೇ ತೀರ್ಥಕ್ಕೆ ಚಾಚಿತು. ಇಲ್ಲದ ತೀರ್ಥವನ್ನು ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡೆ. ತಂಡವಿಡೀ ಬಿದ್ದು ಬಿದ್ದು ನಕ್ಕಿತು. ತಾವಾದರೋ, ಇದೇ ನಿಜವಾದ ಧರ್ಮ ಸಮನ್ವಯ, ಹೀಗೆಯೇ ಇರಲಿ ಎಂದು ಅಪ್ಪಣೆ ಕೊಡಿಸಿದಿರಿ! ಸತ್ಯಭಾಮಾ ಈ ಸಲ ಅಳಲಿಲ್ಲ. ಇಷ್ಟು ಸುಲಭದಲ್ಲಿ ಮುಗಿಯುವುದಾದರೆ ನೀವು ಅಷ್ಟು ಬೊಬ್ಬೆ ಹೊಡೆದದ್ದು ಎಂತಕ್ಕೆ ಮಾರಾಯ್ರೆ ಎಂದು ಕೇಳಿದಳು. ನನಗೆ ಹೇಳಲಾಗದಷ್ಟು ಬೇಸರವಾಯಿತು.

ಆದ್ದರಿಂದ ಕರುಣಾಳುಗಳಾದ ತಾವು ಪೂರ್ತಿ ಸಾವು ಕೊಡಲಾಗದಿದ್ದರೆ ಮುಕ್ಕಾಲು ಸಾವನ್ನಾದರೂ, ಅದೂ ಹೆಚ್ಚೆನಿಸಿದರೆ ರಾಜನನ್ನು ತೊಕ್ಕೊಟ್ಟಿನ ಯಾವುದಾದರೂ ಆಸ್ಪತ್ರೆಗೆ ಸೇರಿಸುವಷ್ಟು ಗಾಯವನ್ನಾದರೂ ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ. ತಮ್ಮ ಭಾನುವಾರದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಸಾಕ್ಷಾತ್ ಯೇಸುಸ್ವಾಮಿಯೇ ಶುಕ್ರವಾರ ರಜೆ ಹಾಕಲಿಲ್ಲವಲ್ಲ, ಮಾನ್ಯರೇ? ಮಗನನ್ನು ಕಳಕೊಂಡ ಅಪ್ಪ ಬೀಳಲೇ ಇಲ್ಲವೆಂದಾದರೆ, ತಾವು ಎಬ್ಬಿಸುವುದಾದರೂ ಯಾರನ್ನು?

ತಮ್ಮ ವಿಶ್ವಾಸಿ (ಇಗರ್ಜಿಯ ಅರ್ಥದಲ್ಲಲ್ಲ),
ಹರಿದಾಸ ಭಟ್

ತಾ.ಕ.: ಶನಿವಾರದ ಪ್ರದರ್ಶನಕ್ಕೆ ಸತ್ಯಭಾಮಾ ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ನಾನು ಸಾಯುತ್ತೇನೆ. ಫಿಲಿಪ್ ಎಷ್ಟು ಆಶೀರ್ವದಿಸಿದರೂ ಏಳುವುದಿಲ್ಲ. ಎಬ್ಬಿಸಲೇಬೇಕೆಂದಿದ್ದರೆ ತಾವೇ ಖುದ್ದಾಗಿ ವೇದಿಕೆಗೆ ಬಂದು ಪವಾಡ ಮಾಡತಕ್ಕದ್ದು.